ಉಪವಾಸದಲ್ಲೂ ಹಾಲಾದ ರಕ್ತ

1979ರಲ್ಲಿ ನಾನು ಆದೋನಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಊರು ಆಸ್ಪರಿ, ಓದಿದ್ದು ಬಳ್ಳಾರಿಯಲ್ಲಿ, ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಹದಿನಾಲ್ಕು ಹಾಸಿಗೆಗಳ ಆಸ್ಪತ್ರೆ. ಅದರ ಯಜಮಾನರೂ ಸರ್ಜನ್ನರೂ ಆಗಿದ್ದವರು ಡಾ. ಶೇಷಗಿರಿ. ಮನೆಮಾತು ತೆಲುಗು, ಕನ್ನಡವನ್ನೂ ಅಷ್ಟೇ ಸಲೀಸಾಗಿ ಆಡುತ್ತಿದ್ದರು, ಒಂದೇ ಮಾತಿನಲ್ಲಿ ಎರಡನ್ನೂ ಬೆರೆಸುತ್ತಿದ್ದರು.

ಲ್ಯಾಬ್ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಅದರಲ್ಲಿ ಒಂದು ಮೈಕ್ರೋಸ್ಕೋಪ್, ನಾಲ್ಕು ನಳಿಕೆಗಳ ಸೆಂಟ್ರಿಫ್ಯೂಜ್, ಒಂದು ಕಲರಿಮೀಟರ್, ಲಸಿಕೆ ಇಡುವ ಹಳೆಯ ಫ್ರಿಜ್. ಸೆಂಟ್ರಿಫ್ಯೂಜ್ ಎಂದರೆ ಹೆಪ್ಪುಗಟ್ಟಿದ ರಕ್ತದ ನಳಿಕೆಯನ್ನು ವೇಗವಾಗಿ ತಿರುಗಿಸುವ ಯಂತ್ರ. ಕೆಂಪು ಭಾಗ ತಳಕ್ಕೆ ಕೂತು, ಮೇಲೆ ಎಳೆಹಳದಿ ಬಣ್ಣದ ತಿಳಿ ನಿಲ್ಲುತ್ತದೆ. ಅದೇ ಸೀರಂ. ಸಕ್ಕರೆ, ಯೂರಿಯಾ ಮುಂತಾದುವನ್ನು ಅಳೆಯುವುದು ಅದರಲ್ಲಿ. ಸೀರಮ್ಮಿಗೆ ರಾಸಾಯನಿಕ ಸೇರಿಸಿದಾಗ ಬರುವ ಬಣ್ಣದ ಮೂಲಕ ಎಷ್ಟು ಬೆಳಕು ಹಾದುಹೋಗುತ್ತದೆ ಎಂದು ಕಲರಿಮೀಟರ್ ಓದುತ್ತದೆ. ಆದ್ದರಿಂದ ಸೀರಂ ತಿಳಿಯಾಗಿರಬೇಕು. ಕದಡಿದ್ದರೆ ಲೆಕ್ಕ ತಪ್ಪುತ್ತದೆ.

ಎಣ್ಣೆ ತುಪ್ಪದ ಊಟ ಮಾಡಿ ಎರಡು ಮೂರು ತಾಸಿಗೆ ಬಂದವರ ಸೀರಂ ಹಾಲಿನಂತೆ ಬೆಳ್ಳಗಿರುವುದು ಅಪರೂಪವೇನಲ್ಲ. ಅಂಥ ಮಾದರಿಯನ್ನು ನಾವು ಚೆಲ್ಲುತ್ತಿದ್ದೆವು. ರಿಜಿಸ್ಟರಿನಲ್ಲಿ "ಮಾದರಿ ಕೆಟ್ಟಿದೆ, ಖಾಲಿ ಹೊಟ್ಟೆಯಲ್ಲಿ ಮತ್ತೆ ಬರುವುದು" ಎಂದು ಬರೆದರೆ ಕೆಲಸ ಮುಗಿಯಿತು. ದಿನಕ್ಕೆ ಮೂವತ್ತು ನಲವತ್ತು ಪರೀಕ್ಷೆ ಮಾಡುವವಳಿಗೆ ಅದರ ಬಗ್ಗೆ ಯೋಚಿಸುವ ಕಾರಣವೇ ಇರಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ, ಕೃಷ್ಣಾಷ್ಟಮಿ ಕಳೆದ ಮೇಲೆ, ಪದ್ಮಾ ಎಂಬ ಹತ್ತು ವರ್ಷದ ಹುಡುಗಿಯನ್ನು ಕರೆತಂದರು. ತಂದೆ ವೆಂಕಟೇಶಾಚಾರ್ ಮಾರ್ಕೆಟ್ ಯಾರ್ಡಿನ ಕಚೇರಿಯಲ್ಲಿ ಗುಮಾಸ್ತರು. ಮೂಲ ಗೋನೆಗಂಡ್ಲ, ವೈಷ್ಣವ ಮನೆತನ. ಜೊತೆಗೆ ಬಂದಿದ್ದವರು ಅವರ ತಾಯಿ ಕೃಷ್ಣಾಬಾಯಿ, ಎಪ್ಪತ್ತರ ಆಸುಪಾಸಿನ ಗಟ್ಟಿ ಜೀವ. ಹುಡುಗಿಗೆ ಆಗಾಗ ಹೊಟ್ಟೆನೋವು, ಮೈ ಹತ್ತುವುದಿಲ್ಲ ಎಂದು ದೂರು. ಹುಳುವಿಗೆ ಔಷಧ ಆಗಿತ್ತು, ತಾಯಿತ ಆಗಿತ್ತು. ಡಾಕ್ಟರು ರಕ್ತಪರೀಕ್ಷೆ ಬರೆದುಕೊಟ್ಟಿದ್ದರು. ನಾನು ರಕ್ತ ತೆಗೆದೆ. ಸೀರಂ ಹಾಲಿನಂತಿತ್ತು. ಹಬ್ಬದ ಊಟ ಅಂದುಕೊಂಡೆ, ಚೆಲ್ಲಿದೆ, ಬರೆಯುವುದನ್ನು ಬರೆದೆ.

"ಒಂದು ದಿನ ಏನೂ ತಿನ್ನಿಸದ ಬೆಳಿಗ್ಗೆ ಕರಕೊಂಡು ಬರ್ರಿ," ಎಂದೆ.

ಅವರು ಹಾಗೆಯೇ ಬಂದರು. ಒಂದು ದ್ವಾದಶಿಯ ಬೆಳಿಗ್ಗೆ, ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೇ ಬಂದು ನಿಂತಿದ್ದರು. ಹಿಂದಿನ ದಿನ ಏಕಾದಶಿ. ಎಂಟು ವರ್ಷ ತುಂಬಿದ ಮಕ್ಕಳೂ ಆ ಮನೆಯಲ್ಲಿ ಉಪವಾಸ ಇರುವ ಪದ್ಧತಿ. "ದಶಮಿ ದಿನ ಒಂದೇ ಹೊತ್ತು ಉಂಡಾಳ. ನಿನ್ನಿ ಬರೀ ನೀರು. ಇನ್ನೂ ಪಾರಣಿ ಆಗಿಲ್ಲ," ಎಂದರು ಕೃಷ್ಣಾಬಾಯಿ. ಇಷ್ಟು ಕಟ್ಟುನಿಟ್ಟಾಗಿ ಖಾಲಿ ಹೊಟ್ಟೆಯಲ್ಲಿ ಬಂದ ರೋಗಿ ನನಗೆ ಬೇರೆ ಸಿಕ್ಕಿರಲಿಲ್ಲ. ಸೀರಂ ಅಕ್ಕಿ ತೊಳೆದ ನೀರಿನಷ್ಟು ಮಸುಕಾಗಿತ್ತು, ಅಷ್ಟೇ. ಪರೀಕ್ಷೆಗೆ ಒದಗಿತು. ಸಕ್ಕರೆ, ಯೂರಿಯಾ ಎರಡೂ ಸರಿಯಾಗಿದ್ದವು. "ನಾರ್ಮಲ್" ಎಂದು ಬರೆದುಕೊಟ್ಟೆ. ಹುಡುಗಿ ನಗುತ್ತಾ ಹೋದಳು. ಮಸುಕಿನ ಬಗ್ಗೆ ನಾನು ಒಂದಕ್ಷರ ಬರೆಯಲಿಲ್ಲ.

ಮೂರನೆಯ ಸಲ ಅವಳನ್ನು ಕಂಡದ್ದು ದೀಪಾವಳಿಯ ಮರುದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ವೆಂಕಟೇಶಾಚಾರ್ ಮಗಳನ್ನು ಜಟಕಾದಿಂದ ಎತ್ತಿಕೊಂಡೇ ಒಳಗೆ ಬಂದರು. ನೆಟ್ಟಗೆ ಮಲಗಲು ಅವಳಿಗೆ ಆಗುತ್ತಿರಲಿಲ್ಲ. ಮೊಣಕಾಲನ್ನು ಎದೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ ನರಳುತ್ತಿದ್ದಳು. ಜ್ವರ ಇತ್ತು, ನಾಡಿ ನಿಮಿಷಕ್ಕೆ 136. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಡಾಕ್ಟರು ನೋಡಿದ ಕೂಡಲೇ ಅಪೆಂಡಿಕ್ಸ್ ಒಡೆದಿರಬೇಕು ಎಂದರು. ಎರಡು ಗಂಟೆಗೆ ಆಪರೇಷನ್ ಎಂದು ನಿಗದಿಯಾಯಿತು. ಅರಿವಳಿಕೆ ಕೊಡುವವರಿಗೆ ಹೇಳಿಕಳಿಸಿದರು. ನನ್ನ ಪಾಲಿನ ಕೆಲಸ ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಳಿಕಣಗಳ ಎಣಿಕೆ, ಸಕ್ಕರೆ, ಯೂರಿಯಾ.

ಮೊಣಕೈ ಬಳಿ ಸೂಜಿ ಚುಚ್ಚಿದೆ. ಸಿರಿಂಜಿನೊಳಗೆ ಏರಿದ ರಕ್ತ ಕೆಂಪಾಗಿರಲಿಲ್ಲ. ಟೊಮ್ಯಾಟೋ ಸಾರಿಗೆ ಹಾಲು ಸುರಿದಂಥ ಬಣ್ಣ. ಸೆಂಟ್ರಿಫ್ಯೂಜಿನಿಂದ ತೆಗೆದಾಗ ನಳಿಕೆಯ ಮೇಲರ್ಧ ಎಮ್ಮೆ ಹಾಲಿನಷ್ಟು ದಟ್ಟವಾಗಿ ಬೆಳ್ಳಗಿತ್ತು. ನಳಿಕೆಯ ಹಿಂದೆ ಬೆರಳಿಟ್ಟರೆ ಕಾಣುತ್ತಿರಲಿಲ್ಲ.

ಅಭ್ಯಾಸಬಲದಿಂದ ಹಬ್ಬದೂಟವೇ ಮನಸ್ಸಿಗೆ ಬಂತು. ಆದರೆ ಹುಡುಗಿಯನ್ನು ಆಪರೇಷನ್ನಿಗೆ ಒಯ್ಯುವುದಿದೆ. ಕೇಳಿಬಿಡೋಣ ಎಂದು ವಾರ್ಡಿಗೆ ಹೋದೆ.

"ಅಜ್ಜಿ, ಪದ್ಮಾ ಕಡೀಗೆ ಯಾವಾಗ ಉಂಡಾಳ?"

"ನಿನ್ನಿ ಒಂದು ಗಂಟೆಕ್ಕ ಉಂಡದ್ದೇ ಕಡಿ ನೋಡವ್ವ. ಸಂಜೀಕ ನೋವು ಸುರು ಆತು. ಆಮ್ಯಾಲ ನೀರು ಕುಡಿಸಿದ್ರೂ ಹೊಟ್ಟ್ಯಾಗ ನಿಂತಿಲ್ಲ."

"ಹಾಲು, ಕಾಫಿ ಏನರ?"

"ಏನೂ ಇಲ್ಲವ್ವ. ಬಾಯಿಗೆ ತುಳಸಿ ನೀರು ಬಿಟ್ಟೀನಿ, ಅದನ್ನೂ ಕಾರಿಕೊಂಡಳು."

ಇಪ್ಪತ್ತೆರಡು ತಾಸು. ಯಾರದೇ ರಕ್ತವಾದರೂ ಅಷ್ಟು ಹೊತ್ತಿಗೆ ತಿಳಿಯಾಗಿರಬೇಕು. ಬಳ್ಳಾರಿಯಲ್ಲಿ ನಮಗೆ ಬಯೋಕೆಮಿಸ್ಟ್ರಿ ಕಲಿಸಿದ ಪ್ರಾಧ್ಯಾಪಕರು ಒಮ್ಮೆ ತರಗತಿಯಲ್ಲಿ ಹೇಳಿದ ಮಾತು ನೆನಪಾಯಿತು. ಉಪವಾಸವಿದ್ದರೂ ರಕ್ತ ಹಾಲಾಗಿದ್ದು, ಜೊತೆಗೆ ಹೊಟ್ಟೆನೋವಿದ್ದರೆ ಪ್ಯಾಂಕ್ರಿಯಾಸ್ ಕಡೆ ನೋಡಿ ಎಂದಿದ್ದರು. ಪ್ಯಾಂಕ್ರಿಯಾಸ್ ಎಂದರೆ ಜಠರದ ಹಿಂದೆ ಇರುವ ಗ್ರಂಥಿ, ಊಟ ಜೀರ್ಣಿಸುವ ರಸಗಳನ್ನು ಮಾಡುವುದು ಅದೇ. ಅದು ಊದಿಕೊಂಡಾಗ ಆ ರಸ ಗ್ರಂಥಿಯನ್ನೇ ಸುಡತೊಡಗುತ್ತದೆ. ನೋವು ಅಪೆಂಡಿಕ್ಸ್ ಒಡೆದಷ್ಟೇ ಭಯಂಕರ. ಆದರೆ ಅಪೆಂಡಿಕ್ಸಿಗೆ ಹೊಟ್ಟೆ ಕೊಯ್ದರೆ ಜೀವ ಉಳಿಯುತ್ತದೆ, ಪ್ಯಾಂಕ್ರಿಯಾಸ್ ಊದಿಕೊಂಡ ಮಗುವಿಗೆ ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ದರೆ ಜೀವ ಹೋಗಲೂಬಹುದು.

ನಳಿಕೆ ಹಿಡಿದು ಡಾಕ್ಟರ ಕೋಣೆಗೆ ಹೋದೆ. ಅವರು ಕೈ ತೊಳೆಯುತ್ತಿದ್ದರು.

"ಏಮ್ಮಾ ಸುಶೀಲಾ, ಗ್ರೂಪ್ ಆಯ್ತಾ?"

"ಆಗೇತಿ ಸಾರ್, ಓ ಪಾಸಿಟಿವ್. ಆದ್ರ ಇದನ್ನ ಒಮ್ಮಿ ನೋಡ್ರಿ."

ಅವರು ನೋಡಿದರು. "ಹಬ್ಬ ಕದಮ್ಮಾ. ತುಪ್ಪ ಹೋಳಿಗಿ ತಿಂದಿರ್ತಾಳ."

"ಉಂಡು ಇಪ್ಪತ್ತೆರಡು ತಾಸು ಆಗೇತಿ ಸಾರ್."

ಅವರು ಟವೆಲ್ ಕೆಳಗಿಟ್ಟರು. ಇನ್ನೊಂದನ್ನೂ ಹೇಳಬೇಕಿತ್ತು. ಹೇಳದೇ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಆಗಸ್ಟಿನಾಗೂ ಈಕಿ ರಕ್ತ ಹಿಂಗ ಇತ್ತು ಸಾರ್. ನಾನು ಚೆಲ್ಲಿದೆ. ಎರಡನೇ ಸಲ ಏಕಾದಶಿ ಮಾಡಿ ಬಂದಿದ್ದಳು, ಬರೇ ಮಸುಕಿತ್ತು. ನಿಮಗ ಹೇಳಲಿಲ್ಲ."

ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಬೈಯಲಿಲ್ಲ. ನೇರ ವಾರ್ಡಿಗೆ ನಡೆದರು, ನಾನು ಹಿಂದೆ. ಹುಡುಗಿಯನ್ನು ಮತ್ತೆ ಪರೀಕ್ಷಿಸಿದರು. ನೋವು ಹೆಚ್ಚಿದ್ದದ್ದು ಹೊಕ್ಕುಳಿನ ಮೇಲ್ಭಾಗದಲ್ಲಿ, ಅಪೆಂಡಿಕ್ಸ್ ಇರುವ ಬಲಗಡೆಯ ಕೆಳಭಾಗದಲ್ಲಲ್ಲ. "ಬೆನ್ನಾಗೂ ನೋಯ್ತದೇನಮ್ಮಾ?" ಎಂದರೆ ಹೌದೆಂದು ತಲೆ ಆಡಿಸಿದಳು. ಮೊಣಕೈಗಳ ಹಿಂದೆ ಸಾಸಿವೆಕಾಳಿನಷ್ಟು ದೊಡ್ಡ ಹಳದಿ ಗುಳ್ಳೆಗಳಿದ್ದವು. ಸೆಕೆಗೆ ಎದ್ದದ್ದು ಎಂದು ಮನೆಯಲ್ಲಿ ಬೇವಿನ ಸೊಪ್ಪು ಅರೆದು ಹಚ್ಚುತ್ತಿದ್ದರಂತೆ. ಅವು ಕೊಬ್ಬು ಚರ್ಮದಡಿ ನಿಂತು ಆದ ಗಂಟುಗಳು ಎಂಬುದು ನಮಗೆ ಆಮೇಲೆ ತಿಳಿಯಿತು.

"ಅಮೈಲೇಸ್ ಮಾಡು," ಎಂದರು ಡಾಕ್ಟರು.

ಅಮೈಲೇಸ್ ಪಿಷ್ಟವನ್ನು ಒಡೆಯುವ ಕಿಣ್ವ. ಪ್ಯಾಂಕ್ರಿಯಾಸ್ ಊದಿಕೊಂಡಾಗ ರಕ್ತದಲ್ಲಿ ಏರುತ್ತದೆ. ಪಿಷ್ಟದ ದ್ರಾವಣಕ್ಕೆ ಸೀರಂ ಬೆರೆಸಿ, ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಅಯೋಡಿನ್ ಹಾಕಬೇಕು. ಪಿಷ್ಟ ಉಳಿದಿದ್ದರೆ ನೀಲಿ ಬಣ್ಣ. ಅಮೈಲೇಸ್ ಹೆಚ್ಚಿದ್ದಷ್ಟೂ ನೀಲಿ ಕಡಿಮೆ. ನಮ್ಮ ವಿಧಾನದಲ್ಲಿ 180 ಯೂನಿಟ್ಟಿನವರೆಗೆ ಸಹಜ. ಪದ್ಮಾಳದು 110 ಬಂತು.

"ನಾರ್ಮಲೇ ಐತಲ್ಲಮ್ಮಾ," ಎಂದರು ಡಾಕ್ಟರು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಅರಿವಳಿಕೆಯವರು ಬಂದು ಕೂತಿದ್ದರು.

ನನ್ನ ವಾದ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ನಳಿಕೆಯನ್ನೇ ನೋಡುತ್ತಿದ್ದೆ. ಆ ದಟ್ಟ ಬಿಳುಪು ಬೆಳಕನ್ನು ತಡೆಯುತ್ತದೆ. ತಡೆದ ಬೆಳಕನ್ನೆಲ್ಲ ಕಲರಿಮೀಟರ್ ನೀಲಿಯೆಂದೇ ಓದುತ್ತದೆ. ನೀಲಿ ಹೆಚ್ಚು ಎಂದರೆ ಅಮೈಲೇಸ್ ಕಡಿಮೆ ಎಂದು ಅರ್ಥವಾಗುತ್ತದೆ. ಯಂತ್ರ ನನಗೆ ಸುಳ್ಳು ಹೇಳಿರಬಹುದಿತ್ತು.

"ಅರ್ಧ ತಾಸು ಕೊಡ್ರಿ ಸಾರ್. ಸೀರಂ ತೆಳುವು ಮಾಡಿ ಇನ್ನೊಮ್ಮೆ ಮಾಡ್ತೀನಿ."

ಒಂದು ಪಾಲು ಸೀರಮ್ಮಿಗೆ ಒಂಬತ್ತು ಪಾಲು ಸಲೈನ್ ಬೆರೆಸಿದೆ. ಹತ್ತು ಪಟ್ಟು ತೆಳುವಾದಾಗ ಬಿಳುಪು ಹೆಚ್ಚುಕಡಿಮೆ ಮರೆಯಾಯಿತು. ಮೊದಲಿನಿಂದ ಮತ್ತೆ ಮಾಡಿದೆ. ಓದಿದ್ದು 104. ಹತ್ತು ಪಟ್ಟು ತೆಳು ಮಾಡಿದ್ದರಿಂದ ಹತ್ತರಿಂದ ಗುಣಿಸಬೇಕು, 1040. ಸಹಜ ಮಿತಿಯ ಸುಮಾರು ಆರು ಪಟ್ಟು. ನಂಬಿಕೆ ಬಾರದೆ ಇನ್ನೊಂದು ಸಲ ಮಾಡಿದೆ. 1010 ಬಂತು.

ಡಾ. ಶೇಷಗಿರಿ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಥಿಯೇಟರಿನ ನರ್ಸನ್ನು ಕರೆದು, "ಸದ್ಯಕ್ಕೆ ಬ್ಯಾಡ," ಎಂದರು. ನನ್ನ ಕಡೆ ತಿರುಗಿ, "ಐದು ಗಂಟೆ ತನಕ ಚೂಸ್ತಾನು, ನೋಡೋಣ. ನಾಡಿ ಏರಿದ್ರೆ ಕೊಯ್ತೀನಿ, ಆಗ ನೀ ಏನೂ ಹೇಳೋಂಗಿಲ್ಲ," ಎಂದರು.

ಬಾಯಿಗೆ ಏನೂ ಇಲ್ಲ. ಮೂಗಿನಿಂದ ಜಠರಕ್ಕೆ ಕೊಳವೆ, ಕೈಗೆ ಸಲೈನ್, ನೋವಿಗೆ ಇಂಜೆಕ್ಷನ್. ಅಪೆಂಡಿಕ್ಸ್ ನಿಜವಾಗಿ ಒಡೆದಿದ್ದರೆ ಆ ಮೂರೂವರೆ ತಾಸು ಕಾಯ್ದದ್ದೇ ಅವಳ ಜೀವಕ್ಕೆ ಮುಳುವಾಗುತ್ತಿತ್ತು. ನಾನು ಆ ಮಧ್ಯಾಹ್ನ ಉಳಿದ ಪರೀಕ್ಷೆಗಳನ್ನೆಲ್ಲ ಮಾಡಿದೆ, ಏನು ಮಾಡಿದೆ ಎಂಬುದು ಮಾತ್ರ ನೆನಪಿಲ್ಲ. ಮೂರಕ್ಕೆ ನಾಡಿ 132. ನಾಲ್ಕಕ್ಕೆ 126. ಐದಕ್ಕೆ ಡಾಕ್ಟರು ತಾವೇ ಮಣಿಕಟ್ಟು ಹಿಡಿದು ಎಣಿಸಿದರು, 118. ಹುಡುಗಿ ಒಂದು ಮಗ್ಗುಲಾಗಿ ನಿದ್ದೆ ಹೋಗಿದ್ದಳು. ಅರಿವಳಿಕೆಯವರನ್ನು ಮನೆಗೆ ಕಳಿಸಿದರು.

ಉಳಿದ ಸೀರಮ್ಮನ್ನು ನಾನು ನೆಟ್ಟಗಿನ ನಳಿಕೆಯಲ್ಲಿ ಫ್ರಿಜ್ಜಿನೊಳಗೆ ನಿಲ್ಲಿಸಿ ಹೋಗಿದ್ದೆ. ಇದೂ ಬಳ್ಳಾರಿಯಲ್ಲಿ ಕಲಿತದ್ದೇ. ಮರುದಿನ ಬೆಳಿಗ್ಗೆ ತೆಗೆದು ನೋಡಿದರೆ ಬಿಳುಪೆಲ್ಲ ಮೇಲೇರಿ, ಬೆರಳ ದಪ್ಪದ ಕೆನೆಯಾಗಿ ಕೂತಿತ್ತು. ಕೆಳಗೆ ಉಳಿದದ್ದು ಹೆಚ್ಚುಕಡಿಮೆ ತಿಳಿ ನೀರು. ಡಾಕ್ಟರು, "ಇದನ್ನ ಓದೋರ ಹತ್ರ ತಗೊಂಡು ಹೋಗಮ್ಮಾ," ಎಂದು ರಜೆ ಕೊಟ್ಟರು. ಹೊಸದಾಗಿ ತೆಗೆದ ರಕ್ತದ ಸೀರಮ್ಮನ್ನೂ ಕೆನೆಗಟ್ಟಿದ ನಳಿಕೆಯನ್ನೂ ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು, ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸು ಕೂಸಿಗೆ ಒಂದು ಲೋಟ ಹಾಲು ಕೊಡುವೆಯಾ ಎಂದು ಕೇಳಿದಳು. ಹಾಲಲ್ಲ ಎಂದೆ. ಹೆಚ್ಚು ವಿವರಿಸಲಿಲ್ಲ.

ನನ್ನ ಪ್ರಾಧ್ಯಾಪಕರು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪುಸ್ತಕದಲ್ಲಿ ಓದಿದ್ದನ್ನು ಮೊದಲ ಸಲ ಕಾಣುತ್ತಿದ್ದೇನೆ ಎಂದರು. ಆಮೇಲೆ ನನ್ನನ್ನು ಕೂರಿಸಿ, ವಿದ್ಯಾರ್ಥಿನಿಗೆ ಹೇಳುವಂತೆಯೇ ಹೇಳಿದರು. ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ರಕ್ತಕ್ಕೆ ಕೊಬ್ಬು ಎರಡು ದಾರಿಯಿಂದ ಬರುತ್ತದೆ. ಒಂದು, ತಿಂದ ಎಣ್ಣೆ ತುಪ್ಪ. ಕರುಳಿನಲ್ಲಿ ಪಿತ್ತರಸ ಅದನ್ನು ಸಣ್ಣ ಹನಿಗಳಾಗಿ ಚದುರಿಸುತ್ತದೆ, ಪ್ಯಾಂಕ್ರಿಯಾಸಿನ ರಸ ಒಡೆಯುತ್ತದೆ. ಒಡೆದ ಚೂರುಗಳನ್ನು ಕರುಳಿನ ಗೋಡೆ ಒಳಗೆಳೆದುಕೊಂಡು ಮತ್ತೆ ಕೊಬ್ಬಾಗಿ ಜೋಡಿಸಿ, ಪ್ರೋಟೀನಿನ ಹೊದಿಕೆ ಹಾಕಿ ಹನಿಹನಿಯಾಗಿ ರಕ್ತಕ್ಕೆ ಬಿಡುತ್ತದೆ. ಈ ಹನಿಗಳಿಗೆ ಕೈಲೋಮೈಕ್ರಾನ್ ಎಂದು ಹೆಸರು. ಊಟವಾದ ಮೇಲೆ ರಕ್ತ ಹಾಲಾಗುವುದು ಇವುಗಳಿಂದ. ಎರಡನೆಯ ದಾರಿ ಲಿವರಿನದು. ಅನ್ನ, ಸಕ್ಕರೆ ಮೈಗೆ ಬೇಕಾದ್ದಕ್ಕಿಂತ ಹೆಚ್ಚಾದಾಗ ಲಿವರ್ ಅದರಿಂದಲೇ ಕೊಬ್ಬು ತಯಾರಿಸಿ ರಕ್ತಕ್ಕೆ ಕಳಿಸುತ್ತದೆ. ಎಣ್ಣೆಯ ಹನಿಯನ್ನೇ ಮುಟ್ಟದವನಿಗೂ ಹೊಟ್ಟೆ ಬರುವುದು ಹೀಗೆ. ತಿಂದ ಕೊಬ್ಬಿನ ಹನಿ ದೊಡ್ಡದು, ಹಗುರ. ತಣ್ಣಗಿಟ್ಟರೆ ಕೆನೆಯಾಗಿ ತೇಲುತ್ತದೆ. ಲಿವರ್ ಮಾಡಿದ ಕೊಬ್ಬಿನ ಕಣ ಸಣ್ಣದು. ತೇಲದೆ ನಳಿಕೆಯುದ್ದಕ್ಕೂ ಮಂಜಿನಂತೆ ನಿಲ್ಲುತ್ತದೆ.

"ಈ ನಳಿಕೆಯಲ್ಲಿ ಕೆಳಗಡೆ ತಿಳಿಯಾಗಿದೆ. ಹಾಗಾಗಿ ಇದು ತಿಂದದ್ದು, ಲಿವರ್ ಮಾಡಿದ್ದಲ್ಲ," ಎಂದರು ಪ್ರಾಧ್ಯಾಪಕರು.

ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ಒಂದು ಕಿಣ್ವ ಇರುತ್ತದೆ, ಲೈಪೋಪ್ರೋಟೀನ್ ಲೈಪೇಸ್. ಹಾದುಹೋಗುವ ಹನಿಗಳನ್ನು ತಡೆದು, ಒಳಗಿನ ಕೊಬ್ಬನ್ನು ಒಡೆದು, ಪಕ್ಕದ ಸ್ನಾಯುಗಳಿಗೆ ಉರುವಲಾಗಿ ಕೊಡುತ್ತದೆ. ಮಿಕ್ಕದ್ದನ್ನು ಕೊಬ್ಬಿನ ಕೋಶಗಳು ಒಳಗೆಳೆದು ಮತ್ತೆ ಕೊಬ್ಬಾಗಿ ಜೋಡಿಸಿ ಕೂಡಿಡುತ್ತವೆ. ಉಪವಾಸದ ದಿನ ಆ ಕೂಡಿಟ್ಟದ್ದೇ ಕರಗಿ ಬರುತ್ತದೆ. ಈ ಹುಡುಗಿಗೆ ಆ ಕಿಣ್ವ ಹುಟ್ಟಿನಿಂದಲೇ ಇಲ್ಲ ಅಥವಾ ಕೆಲಸ ಮಾಡುತ್ತಿಲ್ಲ. ತಿಂದ ತುಪ್ಪ ಮೈಗೂ ಹತ್ತದೆ, ಹೊರಗೂ ಹೋಗದೆ ರಕ್ತದಲ್ಲೇ ಸುತ್ತುತ್ತದೆ. ಹೆಚ್ಚಾದಾಗ ಪ್ಯಾಂಕ್ರಿಯಾಸಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಅದನ್ನು ಕೆರಳಿಸುತ್ತದೆ. ಕಿಣ್ವವನ್ನೇ ನೇರವಾಗಿ ಅಳೆಯುವ ಪರೀಕ್ಷೆ ಆಗ ನಮ್ಮ ಸೀಮೆಯಲ್ಲಿ ಇರಲಿಲ್ಲ. ಆದರೆ ರಕ್ತದ ಕೊಬ್ಬನ್ನು, ಅಂದರೆ ಟ್ರೈಗ್ಲಿಸರೈಡನ್ನು, ಅಲ್ಲಿ ಅಳೆದರು. ನೂರು ಮಿಲಿಲೀಟರಿನಲ್ಲಿ 150 ಮಿಲಿಗ್ರಾಂ ಇದ್ದರೆ ಸಹಜ. ಪದ್ಮಾಳದು ಎರಡು ದಿನ ಬಾಯಿ ಕಟ್ಟಿದ ಮೇಲೂ 3,800.

"ಔಷಧ ಏನೈತಿ ಸಾರ್?" ಎಂದು ಕೇಳಿದೆ.

"ಔಷಧ ಇಲ್ಲ. ಕೊಬ್ಬು ತಿನ್ನಿಸಬೇಡಿ. ದಿನಕ್ಕೆ ಒಟ್ಟು ಹದಿನೈದು ಗ್ರಾಂ ಮೀರಬಾರದು. ಅದರಲ್ಲೇ ಒಂದು ಚಮಚ ಕುಸುಬಿ ಎಣ್ಣೆ ಇರಲಿ, ಮೈಗೆ ಅಷ್ಟು ಬೇಕು. ಸಿಹಿಯೂ ಹಿತಮಿತ. ಜೀವನಪೂರ್ತಿ." ಆಮೇಲೆ, "ತಂದೆತಾಯಿ ಸಂಬಂಧಿಕರೇ?" ಎಂದು ಕೇಳಿದರು.

ಹೌದು. ವೆಂಕಟೇಶಾಚಾರ್ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ಇಂಥ ದೋಷ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದು ಕೂಡಿದರೆ ಮಾತ್ರ ಕಾಣಿಸಿಕೊಳ್ಳುತ್ತದೆ, ಒಂದೇ ಕಡೆಯಿಂದ ಬಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ ಎಂದು ಅವರು ತಿಳಿಸಿದರು. ಪದ್ಮಾಳಿಗೆ ಮೂರು ವರ್ಷದ ತಮ್ಮನೊಬ್ಬನಿದ್ದ. ಅವನ ರಕ್ತವನ್ನೂ ನೋಡಲು ಹೇಳಿದರು.

ಐದನೆಯ ದಿನ ನೋವು ಇಳಿದು ಪದ್ಮಾ ಗಂಜಿ ಕುಡಿಯತೊಡಗಿದಾಗ, ಡಾಕ್ಟರು ಮನೆಯವರಿಗೆ ವಿಷಯ ಹೇಳುವ ಕೆಲಸ ನನಗೇ ಒಪ್ಪಿಸಿದರು. ಕಿಣ್ವ, ಹನಿ, ರಕ್ತನಾಳ ಎಂದು ನಾನು ಹೇಳುತ್ತಾ ಹೋದೆ. ವೆಂಕಟೇಶಾಚಾರ್ ಎಲ್ಲ ಕೇಳಿ, ಕೊನೆಗೆ ಒಂದು ಮಾತು ಹೇಳಿದರು.

"ಅಂದ್ರ ಯಾರ್ಡಿಗೆ ಶೇಂಗಾ ಗಾಡಿ ಬಂದಾವ, ಇಳಿಸೋ ಹಮಾಲರು ಇಲ್ಲ. ಗಾಡಿ ಮ್ಯಾಲ ಗಾಡಿ ನಿಂತು ದಾರಿ ಕಟ್ಟಿಕೊಂಡದ. ಹಂಗೇನ್ರಿ?"

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. "ಹಂಗ ಐತ್ರಿ. ಹಮಾಲರನ್ನ ತರಾಕ ನಮ್ಮ ಕೈಲೆ ಆಗೂದಿಲ್ಲ. ಗಾಡಿ ಕಡಿಮಿ ಮಾಡಬೇಕು," ಎಂದೆ.

ಕೃಷ್ಣಾಬಾಯಿ ಬೆರಳು ಮಡಚುತ್ತಾ ಏನೋ ಎಣಿಸುತ್ತಿದ್ದರು. "ಯುಗಾದಿ ಮರುದಿನ. ರಾಮನವಮಿ ಆದ ಮ್ಯಾಲ. ಗೋಕುಲಾಷ್ಟಮಿ. ಈಗ ದೀಪಾವಳಿ," ಎಂದರು. "ಪಾರಣಿ ಆಗಿ ಒಂದೆರಡು ದಿನಕ್ಕ ಹೊಟ್ಟಿ ಹಿಡಕೊಳ್ಳಾಕಿ. ಏಕಾದಶಿ ದಿನ ಮಾತ್ರ ಆಡಿಕೊಂತ ಇರಾಕಿ. ನಾನೇನು ತಿಳಕೊಂಡಿದ್ದೆ ಗೊತ್ತೇನವ್ವ? ಹಬ್ಬದಾಗ ಏನೋ ಮಡಿ ತಪ್ಪಿ ಹೀಂಗಾಗ್ತದ ಅಂತ. ಹಾಂಗಂತ ಇನ್ನೊಂದಿಷ್ಟು ತುಪ್ಪ ಹಾಕ್ತಿದ್ದೆ, ಮೈ ಹತ್ತಲಿ ಅಂತ."

ಪಂಚಾಂಗದಲ್ಲಿ ಆ ಹುಡುಗಿಯ ಕಾಯಿಲೆಯ ಚರಿತ್ರೆ ಪೂರ್ತಿ ಇತ್ತು. ನಮ್ಮಲ್ಲಿ ಯಾರೂ ಅಜ್ಜಿಯನ್ನು ಕೇಳಿರಲಿಲ್ಲ.

ನನಗೆ ತಡೆದುಕೊಳ್ಳಲು ಆಗಲಿಲ್ಲ. "ಅಜ್ಜಿ, ಆಗಸ್ಟಿನಾಗ ಈ ರಕ್ತ ನನ್ನ ಕೈಯಾಗ ಇತ್ತು. ಕೆಟ್ಟೈತಿ ಅಂತ ಚೆಲ್ಲಿದೆ. ಅವತ್ತೇ ಕೇಳಿದ್ದರ ಕೂಸು ಇಷ್ಟು ಸಂಕಟ ಪಡ್ತಿರಲಿಲ್ಲ," ಎಂದೆ.

ಅವರು ನನ್ನನ್ನು ನೋಡಿದರು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ನೀ ಒಂದು ಸಲ ಚೆಲ್ಲಿದಿ. ನಾ ಹತ್ತು ವರ್ಷ ದಿನಾ ಎರಡು ಹೊತ್ತು ಈಕಿ ಎಲಿಗೆ ತುಪ್ಪ ಹಾಕೀನಿ. ಯಾರು ಯಾರನ್ನ ಬೈಯೋಣು ಹೇಳು? ಇನ್ನ ಮುಂದ ಏನು ಹಾಕಬೇಕು, ಅದನ್ನ ಹೇಳು."

ಹೇಳುವುದು ಸುಲಭವಿರಲಿಲ್ಲ. ಆ ಮನೆಯಲ್ಲಿ ಅನ್ನಕ್ಕೆ ಮೊದಲು ಬೀಳುವುದೇ ತುಪ್ಪ, ಅದು ಬಿದ್ದ ಮೇಲೆಯೇ ಊಟ ಶುದ್ಧ. ಊರಲ್ಲೆಲ್ಲ ಶೇಂಗಾ ಎಣ್ಣೆ. ಚಟ್ನಿಪುಡಿಗೆ ಶೇಂಗಾ, ಪಲ್ಯಕ್ಕೆ ಶೇಂಗಾ. ಒಂದು ಹಿಡಿ ಶೇಂಗಾ ತಿಂದರೆ ಅವಳ ಇಡೀ ದಿನದ ಪಾಲು ಮುಗಿಯಿತು. ಎಮ್ಮೆಹಾಲು, ಕೊಬ್ಬರಿ, ಎಳ್ಳು ಎಲ್ಲವೂ ಹೋದವು. ನಾನು ಒಂದು ಪಟ್ಟಿ ಬರೆದುಕೊಟ್ಟೆ. ಕೃಷ್ಣಾಬಾಯಿ ಅದನ್ನು ಮಗನಿಂದ ಓದಿಸಿಕೊಂಡು, ಎರಡು ದಿನ ಯೋಚಿಸಿ, ತಮ್ಮದೇ ಅಡುಗೆ ಕಟ್ಟಿದರು. ಮೊಸರನ್ನು ಕಡೆದು ಬೆಣ್ಣೆ ತೆಗೆದು, ಮಜ್ಜಿಗೆಯನ್ನು ತಣ್ಣಗೆ ಇಟ್ಟು ಮತ್ತೆ ಕಡೆದು, ಮೇಲೆ ಬಂದದ್ದನ್ನೆಲ್ಲ ಬಟ್ಟೆಯಲ್ಲಿ ಸೋಸಿ ಕೊಟ್ಟರು. ಸಾಸಿವೆ ಜೀರಿಗೆಯನ್ನು ಒಣ ಬಾಣಲೆಯಲ್ಲಿ ಸಿಡಿಸಿದರು. ಜೋಳದ ರೊಟ್ಟಿ, ಎಣ್ಣೆಯಿಲ್ಲದ ಬೇಳೆಕಟ್ಟು, ಪುಂಡಿಸೊಪ್ಪು, ಹುಣಸೆ ಗೊಜ್ಜು. ತುಪ್ಪದ ವಿಷಯಕ್ಕೆ ನಾನು ಬಾಯಿ ಹಾಕಲಿಲ್ಲ. ಅವರೇ ತೀರ್ಮಾನಿಸಿದರು. ದೇವರ ಎಡೆಗೆ ತುಪ್ಪ ಉಂಟು, ಆ ಎಡೆ ದೊಡ್ಡವರಿಗೆ. ಮೊಮ್ಮಗಳ ಅನ್ನದ ಮೇಲೆ ತೀರ್ಥ ಬಿಟ್ಟು, ಒಂದು ತುಳಸಿ ಇಟ್ಟು, "ಉಣ್ಣವ್ವ," ಎಂದರಂತೆ.

ತಮ್ಮನ ರಕ್ತ ತೆಗೆಯಲು ನಾನೇ ಮನೆಗೆ ಹೋಗಿದ್ದೆ. ತಾಯಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೂಜಿಯನ್ನಲ್ಲ, ಸಿರಿಂಜನ್ನೇ ನೋಡುತ್ತಿದ್ದಳು. ರಕ್ತ ಕೆಂಪಗೆ ಬಂತು. ಹಾಲನ್ನಕ್ಕೆ ತುಪ್ಪ ಹಾಕಿ ತಿಂದು ಅರ್ಧ ದಿನವಾಗಿತ್ತಷ್ಟೇ. ಸೀರಂ ತಿಳಿಯಾಗಿದೆ ಎಂದು ಸಂಜೆ ಹೇಳಿಕಳಿಸಿದೆ.

ಮೂರು ವಾರದ ಮೇಲೆ ಪದ್ಮಾಳ ಟ್ರೈಗ್ಲಿಸರೈಡ್ 640ಕ್ಕೆ ಇಳಿದಿತ್ತು. ಸಹಜವಲ್ಲ, ಆದರೆ ಪ್ಯಾಂಕ್ರಿಯಾಸಿಗೆ ಅಪಾಯವಿಲ್ಲದ ಮಟ್ಟ. ಎರಡು ತಿಂಗಳಿಗೆ ಮೊಣಕೈಯ ಗುಳ್ಳೆಗಳು ಕರಗಿದವು. ಮೈಗೂ ಸ್ವಲ್ಪ ಬಂತು. ಅವಳ ಹಾದಿ ಅಲ್ಲಿಂದ ಮುಂದೆ ನೇರವಾಗಿಯೇನೂ ಇರಲಿಲ್ಲ. 1983ರಲ್ಲಿ ಸಿ. ಬೆಳಗಲ್ಲಿನ ಒಂದು ಮದುವೆಯಲ್ಲಿ ಎಲ್ಲರ ಸಾಲಿನಲ್ಲಿ ಕೂತು, ನಾಲ್ಕು ಹೋಳಿಗೆ, ಅದರ ಮೇಲೆ ತುಪ್ಪ ಹಾಕಿಸಿಕೊಂಡು ಉಂಡು, ಮೂರು ದಿನ ನಮ್ಮಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದಳು. ಬೈಯಲು ಹೋದ ನನಗೆ, "ಒಮ್ಮೆರ ಹೆಂಗಿರ್ತದ ನೋಡಬೇಕಿತ್ತು ಅಕ್ಕ. ನೋಡಿದೆ. ಸಾಕು," ಎಂದಳು. ಹದಿನಾಲ್ಕು ವರ್ಷದವಳು.

ಅವಳು ಎಮ್ಮಿಗನೂರಿನಲ್ಲಿ ಪ್ರಾಥಮಿಕ ಶಾಲೆಯ ಮೇಡಂ ಆದಾಗ ನನಗೂ ಸಿಹಿ ಹಂಚಿದಳು, ತಾನು ಒಂದು ಬಾಳೆಹಣ್ಣು ತಿಂದಳು. ಮದುವೆಯ ಮಾತು ಬಂದಾಗ ರಕ್ತಸಂಬಂಧದೊಳಗೆ ಬೇಡ ಎಂದು ಕೃಷ್ಣಾಬಾಯಿಯೇ ಹಟ ಹಿಡಿದರು. ಗರ್ಭಿಣಿಯಾದರೆ ರಕ್ತದ ಕೊಬ್ಬು ಮತ್ತೆ ಏರುತ್ತದೆ, ತಿಂಗಳು ತಿಂಗಳು ದೊಡ್ಡ ಆಸ್ಪತ್ರೆಯಲ್ಲಿ ನೋಡಿಸಲೇಬೇಕು ಎಂಬ ಮಾತನ್ನು ಗಂಡಿನ ಮನೆಯವರ ಮುಂದೆ ಹೇಳಿದ್ದು ಪದ್ಮಾ ತಾನೇ. ಒಂದು ಮನೆಯವರು ಎದ್ದು ಹೋದರು. ಇನ್ನೊಂದು ಮನೆಯವರು ಕೂತು ಕೇಳಿದರು. ಆ ಮನೆಗೇ ಅವಳು ಹೋದಳು.

ಆ ದೀಪಾವಳಿಯ ನಂತರ ನಾನು ಬದಲಾಯಿಸಿದ್ದು ರಿಜಿಸ್ಟರಿನ ಒಂದು ಅಂಕಣವನ್ನು ಮಾತ್ರ. "ಮಾದರಿ ಕೆಟ್ಟಿದೆ" ಎಂಬ ಮಾತನ್ನು ಬಿಟ್ಟೆ. ಸೀರಂ ಹೇಗೆ ಕಂಡಿತೋ ಹಾಗೆ ಬರೆಯತೊಡಗಿದೆ. ಹಾಲಿನಂತೆ, ಕೆಂಪಾಗಿ, ಗಾಢ ಹಳದಿಯಾಗಿ, ಕೊನೆಯ ಊಟ ಇಷ್ಟು ತಾಸಿನ ಹಿಂದೆ ಎಂದು. ಬರೆದ ಮೇಲೆ ಡಾಕ್ಟರಿಗೆ ತೋರಿಸುತ್ತಿದ್ದೆ. ಮೂವತ್ತೊಂದು ವರ್ಷದ ಕೆಲಸದಲ್ಲಿ ಅಂಥ ಇನ್ನೊಂದು ನಳಿಕೆ ನನಗೆ ಸಿಗಲಿಲ್ಲ. ಹಾಲಿನಂತೆ ಕಂಡ ನಳಿಕೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಬರೀ ಹಬ್ಬದೂಟವೇ ಆಗಿದ್ದವು. ಡಾ. ಶೇಷಗಿರಿ ಕೆಲವೊಮ್ಮೆ ನಗುತ್ತಿದ್ದರು, ಆದರೂ ಪ್ರತಿ ಸಲ ನೋಡುತ್ತಿದ್ದರು. ನನ್ನ ಪರೀಕ್ಷೆಯನ್ನು ಕೆಡಿಸುವ ವಸ್ತುವೇ ರೋಗಿಯ ಕಾಯಿಲೆ ಆಗಿರಬಹುದು. ಯಂತ್ರ ಓದಲಾರದ ಆ ಒಂದನ್ನು ಓದುವುದಕ್ಕೇ ಅಲ್ಲಿ ನನ್ನನ್ನು ಕೂರಿಸಿದ್ದಾರೆ ಎಂಬುದು ನನಗೆ ಹೊಳೆದದ್ದು ಕೆಲಸಕ್ಕೆ ಸೇರಿ ಆರು ವರ್ಷವಾದ ಮೇಲೆ.